ವಿಭಾಗದ ಸುವರ್ಣ ಮಹೋತ್ಸವಕ್ಕೆ ಏನು ಮಾಡೋಣ? ಅನುಭವವಿದ್ದವರು ತಿಳಿಸಿ

ಮುಲುಂಡಿನಿಂದ: ಮುಂಬಯಿಯಲ್ಲಿ ನಾನು ಎಂ.ಎ. ಓದಿದ ವಿಭಾಗಕ್ಕೆ ಇನ್ನೆರಡು ವರ್ಷಕ್ಕೆ ಐವತ್ತು ತುಂಬುತ್ತದೆ. ಹಳೆಯ ವಿದ್ಯಾರ್ಥಿಗಳ ಸಮಿತಿಯ ಮಾತು ಸನ್ಮಾನ, ಸ್ಮರಣ ಸಂಚಿಕೆ, ಊಟದ ಆಚೆ ಹೋಗುತ್ತಿಲ್ಲ. ಮುಂದೆಯೂ ಉಳಿಯುವಂಥದ್ದು ಏನು ಮಾಡಬಹುದು?

ಡೊಂಬಿವಲಿಯಿಂದ: ಸಂಚಿಕೆ ಮಾಡಿ, ಆದರೆ ಈಗಲೇ ಶುರು ಮಾಡಿ. ನಮ್ಮ ಕಾಲೇಜಿನ ಅಮೃತ ಮಹೋತ್ಸವದಲ್ಲಿ ಇತಿಹಾಸ ಬರೆಯುವವರಿಗೆ ಹದಿನೈದು ದಿನ ಕೊಟ್ಟೆವು. ಗಣ್ಯರ ಸಂದೇಶ, ಜಾಹೀರಾತುಗಳ ನಡುವೆ ಅದು ಆರೇ ಪುಟವಾಯಿತು. ಸಮಾರಂಭ ಮುಗಿದ ಮೇಲೆ ಕಟ್ಟುಗಟ್ಟಲೆ ಪ್ರತಿಗಳು ಉಳಿದವು. ಮುಂಬಯಿ ವಿಶ್ವವಿದ್ಯಾಲಯದ ಶತಮಾನೋತ್ಸವಕ್ಕೆ, 1957ರಲ್ಲಿ, ಅಂಚೆ ಚೀಟಿ ಬಂತು, ಕುಲಸಚಿವರಾಗಿದ್ದ ಎಸ್.ಆರ್. ಡೊಂಗರಕೇರಿ ಅವರು ಬರೆದ ನೂರು ವರ್ಷಗಳ ಇತಿಹಾಸವೂ ಬಂತು. ನೀವೂ ಕಡತ ಬಲ್ಲ ಒಬ್ಬರನ್ನು ಹಿಡಿಯಿರಿ. ನಿವೃತ್ತ ಗುಮಾಸ್ತರಾದರೂ ಸರಿ, ಅವರಿಗೆ ತಿಳಿದಷ್ಟು ಪ್ರಾಧ್ಯಾಪಕರಿಗೂ ತಿಳಿದಿರುವುದಿಲ್ಲ.

ಮಾಟುಂಗದಿಂದ: ಮನೆಗಳಲ್ಲಿರುವ ಕಾಗದಗಳನ್ನು ಮರೆಯಬೇಡಿ. ನನ್ನ ತಂದೆ ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ, 1944ರ ಪದವಿ ಪತ್ರ ಮಾತ್ರ ಮುಂಬಯಿ ವಿಶ್ವವಿದ್ಯಾಲಯದ್ದು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ ಆ ಕಾಲೇಜು ಇಲ್ಲಿಗೇ ಸೇರಿತ್ತು. ನಮ್ಮ ಮಕ್ಕಳಿಗೆ ಈ ನಂಟು ಗೊತ್ತೇ ಇಲ್ಲ. ಭದ್ರವಾಗಿರಲೆಂದು ತಮ್ಮ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ. ಬಿಸಿಗೆ ಕಾಗದ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿದೆ, ಇನ್ನು ಬಿಡಿಸಲಾಗದು. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಮೂಲವನ್ನು ಮನೆಯವರಲ್ಲೇ ಬಿಟ್ಟು ಸ್ಕ್ಯಾನ್ ಮಾಡಿಕೊಳ್ಳಿ. ಗುಂಪು ಚಿತ್ರವಿದ್ದರೆ ಎಡದಿಂದ ಬಲಕ್ಕೆ ಹೆಸರು ಬರೆಸಿಕೊಳ್ಳಿ. ಗುರುತಿಸುವವರಿಗೆ ಈಗಾಗಲೇ ಎಂಬತ್ತು ದಾಟಿದೆ. ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಬಳಸಲು ಒಪ್ಪಿಗೆಯ ಸಹಿ ಪಡೆದು, ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಿ. ಒಬ್ಬರ ಲ್ಯಾಪ್‌ಟಾಪಿನಲ್ಲಷ್ಟೇ ಇದ್ದರೆ ಅದು ಇದ್ದೂ ಇಲ್ಲದಂತೆ.

ಪುಣೆಯಿಂದ: ದತ್ತಿ ಉಪನ್ಯಾಸವನ್ನೂ ಯೋಚಿಸಿ. ಮೊದಲು ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ನಿಯಮ ಕೇಳಿ, ಆಮೇಲೆ ಹಣ ಕೂಡಿಸಿ. ನಾವು ತಿರುವುಮುರುವು ಮಾಡಿ ಒಂದು ವರ್ಷ ಕಳೆದುಕೊಂಡೆವು. ಖರ್ಚಿಗೆ ಸಿಗುವುದು ಬಡ್ಡಿ ಮಾತ್ರ, ಅದೂ ಇಳಿಯುತ್ತದೆ. ದೊಡ್ಡ ಸಮಾರಂಭದ ಆಸೆ ಬೇಡ, ವರ್ಷಕ್ಕೊಂದು ಒಳ್ಳೆಯ ಉಪನ್ಯಾಸ ಸಾಕು. ನಮ್ಮಲ್ಲಿ ಕೊಟ್ಟವರಲ್ಲಿ ಹೆಚ್ಚಿನವರು ತಾಯಿಯ ಹೆಸರಿನಲ್ಲಿ ಕೊಟ್ಟರು. ಕೋಟೆ ಪ್ರದೇಶದ ರಾಜಾಬಾಯಿ ಗೋಪುರವೂ ಹಾಗೆ ಎದ್ದದ್ದಲ್ಲವೇ, ಪ್ರೇಮಚಂದ್ ರಾಯ್‌ಚಂದ್ ಅವರ ತಾಯಿಯ ಹೆಸರು ಅದು.

ಡೊಂಬಿವಲಿಯಿಂದ: ಒಂದು ಮಾತು ಬಿಟ್ಟೆ. ಕ್ಯಾಂಟೀನಿನವರು, ಜವಾನರು, ಗ್ರಂಥಾಲಯದ ಸಹಾಯಕರು, ಇವರನ್ನೂ ಮಾತನಾಡಿಸಿ. ನಮ್ಮ ಸಂಚಿಕೆಯಲ್ಲಿ ಅವರ ಒಂದು ಸಾಲೂ ಇರಲಿಲ್ಲ.

ಮುಲುಂಡಿನಿಂದ: ಎಲ್ಲರಿಗೂ ವಂದನೆ. ಧ್ವನಿಮುದ್ರಣದಿಂದಲೇ ಆರಂಭಿಸುತ್ತೇವೆ. ನಮ್ಮ ಮೊದಲ ತಂಡದ ಮೇಡಂ ಒಬ್ಬರು ಥಾಣೆಯಲ್ಲಿದ್ದಾರೆ, ಭಾನುವಾರಕ್ಕೆ ಸಮಯ ಕೇಳಿದ್ದೇನೆ. ಮಾಟುಂಗದ ಅಕ್ಕನವರೇ, ನಿಮ್ಮ ತಂದೆಯವರ ಪದವಿ ಪತ್ರವನ್ನು ಈಗಿರುವಂತೆಯೇ ಚಿತ್ರ ತೆಗೆದುಕೊಳ್ಳಲು ಒಮ್ಮೆ ಬರಬಹುದೇ?