ಒಮ್ಮೆ ಪರೀಕ್ಷೆಯಾದ ಸರಕಿಗೆ ಗಡಿ ದಾಟಿದ ಮೇಲೆ ಮತ್ತೊಂದು ಪರೀಕ್ಷೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಐರೋಪ್ಯ ಒಕ್ಕೂಟದ ಒಂದು ಸದಸ್ಯ ರಾಷ್ಟ್ರದಲ್ಲಿ ನಾವು ಮರದ ಪೀಠೋಪಕರಣಗಳನ್ನು ತಯಾರಿಸಿ ಮಾರುತ್ತಿದ್ದೇವೆ. ಅವನ್ನೇ ಮತ್ತೊಂದು ಸದಸ್ಯ ರಾಷ್ಟ್ರದಲ್ಲಿ ಮಾರಲು ಹೊರಟಾಗ, ನಮ್ಮ ಪರೀಕ್ಷಾ ವರದಿ ಸಾಲದು, ತಮ್ಮ ದೇಶದ ಪ್ರಯೋಗಾಲಯದಲ್ಲೇ ಮತ್ತೆ ಪರೀಕ್ಷೆ ಮಾಡಿಸಬೇಕು ಎಂದು ಅಲ್ಲಿನ ಅಧಿಕಾರಿಗಳು ಹೇಳುತ್ತಿದ್ದಾರೆ. ಏನು ಮಾಡಬಹುದು?

ಉತ್ತರ 1: ನಿಮ್ಮ ಸರಕಿಗೆ ಇಡೀ ಒಕ್ಕೂಟಕ್ಕೆ ಅನ್ವಯಿಸುವ ಏಕರೂಪದ ನಿಯಮವಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಆಟಿಕೆಗಳಿಗೆ ಅಂಥ ನಿಯಮವಿದೆ; ಪೀಠೋಪಕರಣಗಳ ವಿಷಯದಲ್ಲಿ ಬಹುಪಾಲು ಆಯಾ ದೇಶದ ನಿಯಮಗಳೇ ನಡೆಯುತ್ತವೆ. ಏಕರೂಪದ ನಿಯಮ ಇಲ್ಲದ ಕಡೆ ನೆರವಿಗೆ ಬರುವುದು ಪರಸ್ಪರ ಮಾನ್ಯತೆಯ ತತ್ವ, ಅಂದರೆ ಒಂದು ಸದಸ್ಯ ರಾಷ್ಟ್ರದಲ್ಲಿ ಕಾನೂನುಬದ್ಧವಾಗಿ ಮಾರಾಟವಾಗುವ ಸರಕನ್ನು ಉಳಿದ ಸದಸ್ಯ ರಾಷ್ಟ್ರಗಳೂ ಸಾಮಾನ್ಯವಾಗಿ ಒಪ್ಪಬೇಕು ಎಂಬುದು. ಇದಕ್ಕೆ ತಳಹದಿ ಹಾಕಿದ್ದು ಐರೋಪ್ಯ ನ್ಯಾಯಾಲಯದ 1979ರ ಕ್ಯಾಸಿಸ್ ತೀರ್ಪು. ಹಣ್ಣಿನ ಲಿಕ್ಕರ್‌ನಲ್ಲಿ ಕನಿಷ್ಠ ಶೇ. 25ರಷ್ಟು ಮದ್ಯಸಾರ ಇರಲೇಬೇಕೆಂಬ ಜರ್ಮನಿಯ ನಿಯಮದಿಂದಾಗಿ, ಶೇ. 15ರಿಂದ 20ರಷ್ಟು ಮದ್ಯಸಾರವಿದ್ದ ಫ್ರಾನ್ಸಿನ ‘ಕ್ಯಾಸಿಸ್’ ಪಾನೀಯವನ್ನು ಅಲ್ಲಿ ಮಾರುವಂತಿರಲಿಲ್ಲ. ಕಡಿಮೆ ಮದ್ಯಸಾರದ ಪಾನೀಯಗಳೇ ಜನರಿಗೆ ಕುಡಿತವನ್ನು ರೂಢಿ ಮಾಡಿಸುತ್ತವೆ ಎಂದು ಜರ್ಮನ್ ಸರ್ಕಾರ ವಾದಿಸಿತ್ತು! ಪ್ರಮಾಣವನ್ನು ಲೇಬಲ್‌ನಲ್ಲಿ ತಿಳಿಸಿದರೆ ಗ್ರಾಹಕರ ರಕ್ಷಣೆಗೆ ಸಾಕು ಎಂದ ನ್ಯಾಯಾಲಯ, ಆ ವಾದವನ್ನು ಒಪ್ಪಲಿಲ್ಲ. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು 1981ರ ಒಂದು ತೀರ್ಪು: ಬೇರೊಂದು ಸದಸ್ಯ ರಾಷ್ಟ್ರದಲ್ಲಿ ಆಗಲೇ ನಡೆದ ಪರೀಕ್ಷೆಯ ಫಲಿತಾಂಶ ಕೈಗೆ ಸಿಗುವಂತಿರುವಾಗ, ಅದೇ ಪರೀಕ್ಷೆಯನ್ನು ಅನಗತ್ಯವಾಗಿ ಮತ್ತೆ ಮಾಡಿಸುವಂತೆ ಅಧಿಕಾರಿಗಳು ಕೇಳುವಂತಿಲ್ಲ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ಕಚೇರಿಯಲ್ಲಿ ಕುಳಿತವರ ಮುಂದೆ ಹಳೆಯ ತೀರ್ಪುಗಳನ್ನು ಓದಿ ಹೇಳಿದರೆ ಕೆಲಸ ಸಾಗುವುದಿಲ್ಲ, ಕಾಗದಪತ್ರ ಬೇಕು. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ, ಪರಸ್ಪರ ಮಾನ್ಯತೆ ಕುರಿತ ಒಕ್ಕೂಟದ 2019/515 ನಿಯಮಾವಳಿಯನ್ನು ಹಿಡಿದುಕೊಳ್ಳಿ. ಅದರಲ್ಲಿ ಪರಸ್ಪರ ಮಾನ್ಯತೆಯ ಘೋಷಣಾಪತ್ರದ ನಮೂನೆಯಿದೆ. ಯಾವ ಮಾದರಿಯ ಸರಕು, ಯಾವ ದೇಶದಲ್ಲಿ ಯಾವ ನಿಯಮದಡಿ ಕಾನೂನುಬದ್ಧವಾಗಿ ಮಾರಾಟದಲ್ಲಿದೆ ಎಂಬುದನ್ನು ತುಂಬಿ, ಪರೀಕ್ಷಾ ವರದಿಯನ್ನೂ ಆ ದೇಶದಲ್ಲಿ ಮಾರಿದ ಒಂದು ಬಿಲ್ಲನ್ನೂ ಜೊತೆಗಿಡಿ. ಬಿಲ್ಲಿನ ಮೇಲಿನ ಮಾದರಿ ಸಂಖ್ಯೆ ಘೋಷಣಾಪತ್ರದಲ್ಲಿ ಇರುವಂತೆಯೇ ಇರಬೇಕು. ನಮ್ಮ ಕಡತ ಹಿಂದಿರುಗಿ ಬಂದದ್ದು ಸಂಖ್ಯೆಯ ಕೊನೆಯಲ್ಲಿ ಬಣ್ಣ ಸೂಚಿಸುವ ಒಂದಕ್ಷರ ಬಿಲ್ಲಿನಲ್ಲಿ ಇಲ್ಲವೆಂಬ ಕಾರಣಕ್ಕೆ. ದಾಖಲೆ ಕೇಳಿದರೆ ಒದಗಿಸಲು ಕನಿಷ್ಠ 15 ಕೆಲಸದ ದಿನಗಳನ್ನು ಕೊಡಲೇಬೇಕು, ಮತ್ತು ಗಂಭೀರ ಅಪಾಯದಂಥ ಕಾರಣಕ್ಕೆ ತಾತ್ಕಾಲಿಕವಾಗಿ ತಡೆಹಿಡಿಯದ ಹೊರತು ಪರಿಶೀಲನೆ ಮುಗಿಯುವವರೆಗೂ ಮಾರಾಟ ಮುಂದುವರಿಸಬಹುದು. ದೂರವಾಣಿಯಲ್ಲಿ ಬಂದ ‘ಆಗುವುದಿಲ್ಲ’ವನ್ನು ನಿರ್ಧಾರವೆಂದು ಒಪ್ಪಿಕೊಳ್ಳಬೇಡಿ; ಕಾರಣಸಹಿತವಾದ ಲಿಖಿತ ಆದೇಶವನ್ನೇ ಕೇಳಿ.

ಉತ್ತರ 3: ಒಂದು ಎಚ್ಚರಿಕೆ. ದೇಶೀಯ ನಿಯಮಗಳೆಲ್ಲವೂ ಬಿದ್ದುಹೋಗುತ್ತವೆ ಎಂದು ಭಾವಿಸಬೇಡಿ. ಪಾನೀಯದ ಬಾಟಲಿಗಳನ್ನು ಠೇವಣಿ ಪಡೆದು ಹಿಂಪಡೆಯಬೇಕೆಂಬ ಡೆನ್ಮಾರ್ಕಿನ ವ್ಯವಸ್ಥೆಯನ್ನು 1988ರಲ್ಲಿ ನ್ಯಾಯಾಲಯ ಪರಿಸರದ ಕಾರಣಕ್ಕೆ ಎತ್ತಿಹಿಡಿದಿದೆ, ಅನುಮೋದನೆಯಿಲ್ಲದ ಬಾಟಲಿಗಳಿಗೆ ವಿಧಿಸಿದ್ದ ಪ್ರಮಾಣದ ಮಿತಿಯನ್ನು ಮಾತ್ರ ತಳ್ಳಿಹಾಕಿದೆ. ಹಾಗಾಗಿ ನಿಮಗೆ ಹೇಳುತ್ತಿರುವ ಪರೀಕ್ಷೆ ನಿಮ್ಮ ವರದಿಯಲ್ಲಿರುವ ಪರೀಕ್ಷೆಯೇ, ಅಥವಾ ಬೇರೆ ಅಪಾಯಕ್ಕೆ ಸಂಬಂಧಿಸಿದ್ದೇ ಎಂದು ಸಾಲುಸಾಲಾಗಿ ಹೋಲಿಸಿ ನೋಡಿ. ಆ ತಾಂತ್ರಿಕ ನಿಯಮದ ಕರಡನ್ನು ಯುರೋಪಿಯನ್ ಆಯೋಗಕ್ಕೆ ಮುಂಚಿತವಾಗಿ ತಿಳಿಸಲಾಗಿತ್ತೇ ಎಂಬುದನ್ನೂ ಹುಡುಕಿ. ತಿಳಿಸಬೇಕಾದ್ದನ್ನು ತಿಳಿಸದೆ ಮಾಡಿದ ನಿಯಮವನ್ನು ವ್ಯಾಪಾರಿಗಳ ಮೇಲೆ ಹೇರುವಂತಿಲ್ಲ ಎಂದು 1996ರಲ್ಲೇ ತೀರ್ಪಾಗಿದೆ. ಲಿಖಿತ ಆದೇಶ ಬಂದ ಮೇಲೆ ನಿಮ್ಮ ದೇಶದ ಸಾಲ್ವಿಟ್ (ಒಕ್ಕೂಟದ ನಿಯಮಗಳ ವಿಷಯದಲ್ಲಿ ಬೇರೆ ಸದಸ್ಯ ರಾಷ್ಟ್ರದ ಅಧಿಕಾರಿಗಳಿಂದಾಗುವ ತೊಡಕುಗಳನ್ನು ನ್ಯಾಯಾಲಯದ ಹೊರಗೆ ಬಗೆಹರಿಸುವ ಸೇವೆ) ಕೇಂದ್ರಕ್ಕೆ ದೂರು ಕೊಡಿ, ಶುಲ್ಕವಿಲ್ಲ. ಆದರೆ ಅಲ್ಲಿ ದೂರು ಕೊಟ್ಟ ಮಾತ್ರಕ್ಕೆ ಮೇಲ್ಮನವಿಯ ಗಡುವು ನಿಲ್ಲುವುದಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಸಾಲ್ವಿಟ್ ಆ ಪ್ರಕರಣವನ್ನು ಕೈಬಿಡುತ್ತದೆ; ಆದ್ದರಿಂದ ಆದೇಶದಲ್ಲಿ ನಮೂದಿಸಿರುವ ಗಡುವನ್ನು ನೋಡಿಕೊಂಡು ಆದೇಶ ಕೈಸೇರಿದ ವಾರದಲ್ಲೇ ದೂರು ಸಲ್ಲಿಸಿ.