ಬಲ ಮುಂದಿನ ಟಯರ್ ವೈರಿಂಗಿಗೆ ಉಜ್ತಾ ಇದೆ, ಹಾರ್ನೆಸ್ (ವೈರುಗಳ ಕಟ್ಟು) ಬೇರೆ ಕಡೆಯಿಂದ ಎಳೆಯೋದು ಹ್ಯಾಂಗೆ?

ಕುಮಟಾ_ಡ್ರೈವರ್:
ನಮಸ್ಕಾರ. ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ತಗೊಂಡಿದ್ದೇನೆ, ಕಂಪನಿ ಟಯರ್ ಸೈಜು 185/65 ಆರ್15, ಹಿಂದಿನ ಓನರ್ 205/65 ಹಾಕ್ಸಿದ್ದಾರೆ. ಪೇಟೆಯಲ್ಲಿ ಒಬ್ಬನೇ ಓಡಿಸಿದ್ರೆ ಎಂತ ಸದ್ದೂ ಇಲ್ಲ, ಮನೆಯವ್ರನ್ನೆಲ್ಲ ಕೂರಿಸ್ಕೊಂಡು ಶಿರಸಿಗೆ ಹೋಗೋವಾಗ ದೇವಿಮನೆ ಘಟ್ಟದಲ್ಲಿ ಎಡಕ್ಕೆ ತಿರುಗೋ ಕಡೆ ಮಾತ್ರ ಬಲಚಕ್ರದಿಂದ ಸರ್ರ್ ಅಂತ ಬರ್ತದೆ. ಈಗ ಫಾಗ್ ಲ್ಯಾಂಪ್ ಫ್ಯೂಸ್ ಪದೇ ಪದೇ ಹೋಗ್ತಿದೆ. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ತೆಗ್ದು ನೋಡಿದ್ರೆ ಎರಡು ಕ್ಲಿಪ್ ಮುರಿದು ಅದು ಒಳಗೆ ಜೋತುಬಿದ್ದಿದೆ, ಹಿಂದಿದ್ದ ವೈರಿನ ಪೈಪು ಸವೆದು ತಾಮ್ರ ಕಾಣ್ತಿದೆ. ಗ್ಯಾರೇಜಿನವ್ರು ಕಪ್ಪು ಟೇಪ್ ಸುತ್ತಿ, 10 ಆಂಪ್ ಬದ್ಲು 20 ಆಂಪ್ ಫ್ಯೂಸ್ ಹಾಕಿ ಸಾಕು ಅಂದ್ರು. ಸಾಕಾ?

ಘಟ್ಟದ_ಮೇಲಿನ_ವೈರಿಂಗ್:
20 ಆಂಪ್ ಫ್ಯೂಸ್ ದಯವಿಟ್ಟು ಬೇಡ ಮಾರಾಯ್ರೇ. ಫ್ಯೂಸ್ ಇರೋದು ಆ ವೈರನ್ನ ಉಳಿಸ್ಲಿಕ್ಕೆ, ದೊಡ್ಡದು ಹಾಕಿದ್ರೆ ಶಾರ್ಟ್ ಆದಾಗ ಫ್ಯೂಸ್ ಹೋಗೋ ಮೊದ್ಲೇ ವೈರ್ ಕಾದು ಬೆಂಕಿ ಹತ್ತಬಹುದು.

ಉಜ್ಜೋ ಕಾರಣ ಲೆಕ್ಕದಲ್ಲೇ ಇದೆ. ಮೊದಲ ಅಂಕಿ ಟಯರಿನ ಅಗಲ ಎಂಎಂನಲ್ಲಿ, 65 ಅಂದ್ರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 65. 205/65 ಅಂದ್ರೆ ಅಗಲ 20 ಎಂಎಂ ಹೆಚ್ಚು, ಅಂದ್ರೆ ಒಳಬದಿಗೆ ಸುಮಾರು 10, ಸುತ್ತ ಎತ್ತರದಲ್ಲಿ 13 ಎಂಎಂ ಲೈನರಿಗೆ ಹತ್ರ ಬಂತು. ಎಡಕ್ಕೆ ತಿರುಗಿಸಿದಾಗ ಬಲಚಕ್ರದ ಮುಂದಿನ ಅಂಚು ಒಳಗೆ ಬರ್ತದೆ, ಗಾಡಿ ಬಲಕ್ಕೆ ವಾಲಿ ಅದೇ ಕಡೆ ಸಸ್ಪೆನ್ಷನ್ ಕುಗ್ತದೆ, ಜನ ಕೂತಿದ್ರೆ ಇನ್ನೂ ಕೆಳಗೆ. ಅದಕ್ಕೇ ಪೇಟೆಯಲ್ಲಿ ಸುಮ್ನಿದ್ದು ಘಟ್ಟದಲ್ಲಿ ಕೂಗ್ತದೆ. ಲೈನರಿನ ಒಳಮುಖಕ್ಕೆ ಸೀಮೆಸುಣ್ಣ ಬಳಿದು ಜನ ಕೂರಿಸ್ಕೊಂಡು ಒಂದ್ಸಲ ಘಟ್ಟ ಹತ್ತಿ, ಎಲ್ಲಿ ಅಳಿಸಿದೆಯೋ ಅಲ್ಲೇ ಟಯರ್ ತಾಗ್ತಿದೆ.

ಬ್ಯಾಟರಿ ನೆಗೆಟಿವ್ ತೆಗ್ದು ಕೆಲಸ ಶುರು ಮಾಡಿ. ಸವೆದ ತುಂಡು ಕತ್ತರಿಸಿ ಹೊಸ ವೈರ್ ಅದೇ ದಪ್ಪದ್ದು ಹಾಕಿ, ಜೋಡಣೆ ಎಲ್ಲ ಒಂದೇ ಜಾಗಕ್ಕೆ ಬರದ ಹಾಗೆ ಹಿಂದೆ ಮುಂದೆ ಮಾಡಿ ಕ್ರಿಂಪ್ ಮಾಡಿ (ಲೋಹದ ತೋಳಲ್ಲಿಟ್ಟು ಇಕ್ಕಳದಿಂದ ಒತ್ತಿ). ಆಮೇಲೆ ಹಾರ್ನೆಸನ್ನ ಲೈನರಿಗೆ ಒರಗದೆ, ಒಳಗಿನ ಬಾಡಿ ಶೀಟಿನ ಮೇಲ್ಭಾಗದಿಂದ, ಟಯರ್ ಪೂರ್ತಿ ಮೇಲೆ ಬಂದು ಪೂರ್ತಿ ತಿರುಗಿದ್ರೂ ತಾಗದ ಕಡೆಯಿಂದ ತನ್ನಿ. ಹಿಡಿಲಿಕ್ಕೆ ರಬ್ಬರ್ ಇರೋ ಪಿ-ಕ್ಲಿಪ್ (ಪಿ ಆಕಾರದ ಹಿಡಿಕೆ ಪಟ್ಟಿ) ಬಳಸಿ ಬಾಡಿಗೇ ಬೋಲ್ಟ್ ಮಾಡಿ, ಬರೀ ಜಿಪ್ ಟೈ ನಂಬ್ಬೇಡಿ. ಶೀಟಿನ ಅಂಚು ದಾಟೋ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರೋ ಬಳೆ) ಬೇಕೇ ಬೇಕು, ಇಲ್ಲಾಂದ್ರೆ ಟಯರಿಂದ ತಪ್ಪಿಸಿ ಕಬ್ಬಿಣಕ್ಕೆ ಕೊಟ್ಟ ಹಾಗಾಗ್ತದೆ. ಎಕ್ಸಾಸ್ಟ್ ಹತ್ರ ಹೋಗೋದು ಬೇಡ. ಕೊನೆಗೆ ಹೊಸ ಕ್ಲಿಪ್ ಹಾಕಿ ಲೈನರ್ ಬಿಗಿ ಮಾಡಿ, ಅದು ಜೋತಾಡಿದ್ರೆ ಮತ್ತೆ ಅದೇ ಕಥೆ.

ಕಾರವಾರ_ಬಂದರು:
ಮೇಲೆ ಹೇಳಿದ್ದೆಲ್ಲ ಸರಿ, ಕರಾವಳಿಯವ್ರಿಗೆ ಒಂದು ಮಾತು ಸೇರಿಸ್ತೇನೆ. ಬರೀ ಪಿವಿಸಿ ಟೇಪ್ ನಮ್ಮ ಮಳೆಗಾಲದಲ್ಲಿ ಅಂಟು ಬಿಟ್ಟು ನೀರು ಒಳಗೆ ಹಿಡ್ಕೊಳ್ತದೆ. ಉಪ್ಪುಗಾಳಿ ಸೇರಿದ ನೀರು ಬತ್ತಿ ಎಣ್ಣೆ ಎಳೆದ ಹಾಗೆ ತಾಮ್ರದ ಎಳೆಗಳ ಮಧ್ಯೆ ಒಳಗೊಳಗೇ ಏರ್ತದೆ, ಹೊರಗೆ ಚೆನ್ನಾಗಿ ಕಂಡ್ರೂ ಪ್ಲಾಸ್ಟಿಕ್ ಕೊಯ್ದರೆ ಹಸಿರು ಕಿಲುಬು ಬಂದಿರ್ತದೆ. ಹಂಗಾಗಿ ಹೊಳೆಯೋ ತಾಮ್ರ ಸಿಗೋವರೆಗೂ ಹಿಂದೆ ಹಿಂದೆ ಕತ್ತರಿಸಿ. ಒಳಗೆ ಅಂಟು ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯೋ ಕೊಳವೆ) ಹಾಕಿ, ಮೇಲೆ ಬಟ್ಟೆ ಟೇಪು, ಅದರ ಮೇಲೆ ಕಾಂಡ್ಯೂಟ್ (ವೈರಿನ ಪೈಪು). ಕನೆಕ್ಟರಿಗೆ ಹೋಗೋ ಮೊದ್ಲು ವೈರ್ ಸ್ವಲ್ಪ ಕೆಳಗೆ ಜೋತಾಡಿ ಮೇಲೇರೋ ಹಾಗೆ ಬಿಡಿ, ನೀರು ಆ ತಗ್ಗಲ್ಲೇ ತೊಟ್ಟಿಕ್ಕಿ ಹೋಗ್ತದೆ.

ಕುಮಟಾ_ಡ್ರೈವರ್:
ತುಂಬಾ ಉಪಕಾರ ಆಯ್ತು. ಅದೇ ಜಾಗದಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದ ಹಾಗೆ ನೋಡೋ ವ್ಯವಸ್ಥೆ) ಸೆನ್ಸರ್ ವೈರೂ ಇದೆ, ಅದನ್ನೂ ಒಟ್ಟಿಗೇ ಕಟ್ಟಿಬಿಡ್ಲಾ? ಮತ್ತೆ ಟಯರ್ ಇದೇ ಇರ್ಲಿ ಅಂದ್ರೆ ಅಡ್ಡಿಲ್ವಾ?

ಘಟ್ಟದ_ಮೇಲಿನ_ವೈರಿಂಗ್:
ಎಬಿಎಸ್ ವೈರ್ ಕಟ್ಟಬೇಡಿ! ಅದರ ಒಂದು ತುದಿ ಚಕ್ರದ ಜೊತೆ ಮೇಲೆ ಕೆಳಗೆ ಎಡ ಬಲ ಆಡ್ತದೆ, ಬಿಗಿದ್ರೆ ಒಂದು ದಿನ ಒಳಗೇ ತುಂಡಾಗಿ ಡ್ಯಾಶ್‌ಬೋರ್ಡಲ್ಲಿ ಎಬಿಎಸ್ ಲೈಟ್ ಹತ್ತಿಕೊಳ್ತದೆ. ಕಂಪನಿ ಕೊಟ್ಟ ಬ್ರಾಕೆಟಲ್ಲೇ ಸಡಿಲಾಗಿ ಇರ್ಲಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಳೆತ ಬರ್ತದಾ ನೋಡಿ.

ಟಯರ್ ವಿಷ್ಯ: ಹಾರ್ನೆಸ್ ಸರಿಸಿದ್ರೆ ವೈರ್ ಉಳೀತದೆ, ಲೈನರ್ ಸವೆಯೋದು ನಿಲ್ಲೋದಿಲ್ಲ, ಟಯರಿನ ಅಂಚೂ ಹಾಳಾಗ್ತದೆ. ಸುತ್ತಳತೆ ಶೇಕಡಾ 4 ಹೆಚ್ಚಾಗಿರೋದ್ರಿಂದ ಸ್ಪೀಡೋಮೀಟರೂ ಕಂಪನಿ ಟಯರಲ್ಲಿ ತೋರಿಸೋದಕ್ಕಿಂತ ಆ ಲೆಕ್ಕದಲ್ಲಿ ಕಮ್ಮಿ ತೋರಿಸ್ತದೆ. ನನ್ನ ಕೇಳಿದ್ರೆ ಮೊದ್ಲು 185ಕ್ಕೇ ವಾಪಸ್ ಬನ್ನಿ. ವೈರಿಂಗ್ ಮಾತ್ರ ಟಯರ್ ಬರೋವರೆಗೂ ಕಾಯ್ಬೇಡಿ, ಈ ವಾರವೇ ಮಾಡ್ಸಿ, ಅಲ್ಲಿವರೆಗೆ ಫಾಗ್ ಲ್ಯಾಂಪ್ ಫ್ಯೂಸ್ ಕಿತ್ತಿಟ್ಟು ಓಡ್ಸಿ.