ಸ್ವಿಮ್ ಮಾದರಿಯಲ್ಲಿ ರಾಜಕಾಲುವೆಯ ತಳಮಟ್ಟ ತಿದ್ದಿದ ಮೇಲೆ ಹೊಸದಾಗಿ ನೀರು ಉಕ್ಕುತ್ತಿದೆ: ತಪ್ಪು ಎಲ್ಲಿದೆ?

ಪ್ರಶ್ನೆ: ಮಳೆಲೆಕ್ಕ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಹರಿದು ಬೆಳ್ಳಂದೂರು ಕೆರೆಯ ಕಡೆಗೆ ಸಾಗುವ ಒಂದು ರಾಜಕಾಲುವೆಯ ಮಾದರಿಯನ್ನು ಕೆಲವು ವರ್ಷಗಳ ಹಿಂದೆ ಬೇರೆಯವರು ಸ್ವಿಮ್ 5ರಲ್ಲಿ (SWMM, ಮಳೆನೀರಿನ ಹರಿವನ್ನು ಲೆಕ್ಕಹಾಕುವ ತಂತ್ರಾಂಶ) ಸಿದ್ಧಪಡಿಸಿದ್ದರು. ಅದನ್ನು ಹೊಸ ಸರ್ವೆಗೆ ಹೊಂದಿಸುವ ಕೆಲಸ ಈಗ ನನಗೆ ಬಂದಿದೆ. ಮಳೆಗಾಲಕ್ಕೆ ಮುಂಚೆ ಹೂಳೆತ್ತಿದ ಭಾಗದ ಹೊಸ ಮಟ್ಟಗಳನ್ನು ಸರ್ವೆಯವರು ಕೊಟ್ಟಿದ್ದಾರೆ. ಇನ್‌ಪುಟ್ ಫೈಲನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು, ಜೆ-14ರಿಂದ ಜೆ-27ರವರೆಗಿನ 14 ಜಂಕ್ಷನ್‌ಗಳ (ಕಾಲುವೆಯ ತುಂಡುಗಳು ಸೇರುವ ಬಿಂದುಗಳ) ಇನ್ವರ್ಟ್ ಮಟ್ಟವನ್ನು, ಅಂದರೆ ತಳದ ಮಟ್ಟವನ್ನು, ಮಾತ್ರ ಬದಲಿಸಿದೆ. ಬೇರೆ ಯಾವುದನ್ನೂ ಮುಟ್ಟಲಿಲ್ಲ.

ಕಾಲುವೆಯ ತಳ ಕೆಳಗಿಳಿದರೆ ಸಾಮರ್ಥ್ಯ ಹೆಚ್ಚಬೇಕು ಎಂದು ನಾನು ನಿರೀಕ್ಷಿಸಿದ್ದೆ. ಆದರೆ ಹಿಂದೆ ಎಂದೂ ಉಕ್ಕದಿದ್ದ ಜೆ-27ರಲ್ಲಿ ಈಗ ನೀರು ಉಕ್ಕುತ್ತಿದೆ, ಕೊನೆಯ ಔಟ್‌ಫಾಲ್‌ನಲ್ಲಿ (ನೀರು ಮಾದರಿಯಿಂದ ಹೊರಬೀಳುವ ತುದಿಯಲ್ಲಿ) ಗರಿಷ್ಠ ಹರಿವು ಸೆಕೆಂಡಿಗೆ 17.8 ಘನ ಮೀಟರ್‌ನಿಂದ 16.1ಕ್ಕೆ ಇಳಿದಿದೆ. ಹರಿವಿನ ಕಂಟಿನ್ಯುಟಿ ದೋಷ ಶೇ. 0.4 ಮಾತ್ರ ಇರುವುದರಿಂದ ಮಾದರಿ ಸರಿಯಾಗಿಯೇ ಇದೆ ಎಂದು ಮೊದಲು ಭಾವಿಸಿದ್ದೆ, ಈಗ ಆ ಧೈರ್ಯ ಉಳಿದಿಲ್ಲ. ಲೆಕ್ಕ ಡೈನಾಮಿಕ್ ವೇವ್ ವಿಧಾನದ್ದು, ಅಂದರೆ ನೀರು ಹಿಮ್ಮುಖವಾಗಿ ಒತ್ತುವುದನ್ನೂ ಲೆಕ್ಕಕ್ಕೆ ಹಿಡಿಯುವಂಥದ್ದು. ಜೆ-27ರ ಹಳೆಯ ಇನ್ವರ್ಟ್ 886.40, ಹೊಸದು 885.75, ಮ್ಯಾಕ್ಸ್ ಡೆಪ್ತ್ (ಗರಿಷ್ಠ ಆಳ) 2.50, ಎಲ್ಲವೂ ಮೀಟರ್‌ನಲ್ಲಿ. ಅದರ ಕೆಳಗೆ ರಸ್ತೆಯಡಿಯಲ್ಲಿ 42 ಮೀಟರ್ ಉದ್ದದ, 3 ಮೀಟರ್ ಅಗಲ ಮತ್ತು 2 ಮೀಟರ್ ಎತ್ತರದ ಬಾಕ್ಸ್ ಮೋರಿ ಇದೆ. ಅದರ ಇನ್ನೊಂದು ಬಾಯಿ ಜೆ-28, ಇನ್ವರ್ಟ್ 886.25. ಎಲ್ಲಿ ಎಡವಿದ್ದೇನೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ತಳಮಟ್ಟ

ನಮಸ್ಕಾರ. ನೀವು ಒಂದೇ ಅಂಕಿಯನ್ನು ತಿದ್ದಿದ್ದೀರಿ, ಆದರೆ ಆ ಒಂದು ಅಂಕಿಯ ಜೊತೆಗೆ ಮೂರು ಮಟ್ಟಗಳು ಸರಿದಿವೆ. ಸ್ವಿಮ್‌ನ ಜಂಕ್ಷನ್ ಸಾಲಿನಲ್ಲಿ ನೆಲದ ಮಟ್ಟ ಎಂಬ ಅಂಕಣವೇ ಇಲ್ಲ. ನೆಲವನ್ನು ನಿರ್ಧರಿಸುವುದು ಇನ್ವರ್ಟ್ ಮತ್ತು ಮ್ಯಾಕ್ಸ್ ಡೆಪ್ತ್ ಮಾತ್ರ, ಅವೆರಡನ್ನು ಕೂಡಿಸಿದ್ದೇ ನೆಲ. ನಿಮ್ಮ ಹಳೆಯ ಫೈಲಿನ ಪ್ರಕಾರ ಜೆ-27ರಲ್ಲಿ ನೆಲ 888.90ರಲ್ಲಿತ್ತು. ಡೆಪ್ತ್ ಹಾಗೆಯೇ ಉಳಿದುದರಿಂದ ಅದು ಈಗ 888.25ಕ್ಕೆ ಇಳಿದಿದೆ, ಅಂದರೆ ಆ ರಸ್ತೆಯನ್ನೇ ನೀವು ಲೆಕ್ಕದಲ್ಲಿ 65 ಸೆಂಟಿಮೀಟರ್ ತಗ್ಗಿಸಿದಂತಾಗಿದೆ. ಅಲ್ಲಿನ ಮ್ಯಾಕ್ಸ್ ಡೆಪ್ತ್ 3.15 ಆಗಬೇಕು. ಉಳಿದ 13 ಜಂಕ್ಷನ್‌ಗಳಲ್ಲಿಯೂ ಹಳೆಯ ನೆಲಮಟ್ಟದಿಂದ ಹೊಸ ಇನ್ವರ್ಟನ್ನು ಕಳೆದು ಡೆಪ್ತ್ ಬರೆಯಿರಿ. ಗ್ರೂಪ್ ಎಡಿಟ್ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಅದು ಆಯ್ದ ಎಲ್ಲ ಜಂಕ್ಷನ್‌ಗಳಿಗೂ ಒಂದೇ ಬದಲಾವಣೆಯನ್ನು ಅನ್ವಯಿಸುತ್ತದೆ.

ಎರಡನೆಯದು ಲಿಂಕ್ ಆಫ್‌ಸೆಟ್, ಅಂದರೆ ಲಿಂಕಿನ (ಕಾಲುವೆ ಅಥವಾ ಮೋರಿಯ) ತಳ ಎಲ್ಲಿದೆ ಎಂದು ಹೇಳುವ ಅಂಕಿ. ಆಪ್ಷನ್ಸ್ ಭಾಗದಲ್ಲಿ ಅದು ಡೆಪ್ತ್ (ಜಂಕ್ಷನ್ನಿನ ತಳದಿಂದ ಎತ್ತರ) ಎಂದಿದೆಯೋ ಎಲಿವೇಶನ್ (ನೇರ ಮಟ್ಟ) ಎಂದಿದೆಯೋ ನೋಡಿ. ಡೆಪ್ತ್ ಎಂದಿದ್ದರೆ ಜಂಕ್ಷನ್ ಇಳಿದಷ್ಟೇ ಮೋರಿಯ ತಳವೂ ಛಾವಣಿಯೂ ಇಳಿಯುತ್ತವೆ. ಎಲಿವೇಶನ್ ಎಂದಿದ್ದರೆ ಮೋರಿ ತನ್ನ ಹಳೆಯ ಜಾಗದಲ್ಲಿಯೇ ನಿಲ್ಲುತ್ತದೆ. ಆಗ ಮೋರಿಯ ಛಾವಣಿ ಜಂಕ್ಷನ್ನಿನ ನೆಲಕ್ಕಿಂತ ಮೇಲೆ ಹೋದರೆ ತಂತ್ರಾಂಶವು ಡೆಪ್ತನ್ನು ತಾನೇ ಹೆಚ್ಚಿಸಿ, ವಾರ್ನಿಂಗ್ 02 ಎಂದು ರಿಪೋರ್ಟಿನಲ್ಲಿ ಒಂದು ಸಾಲು ಬರೆದು ಮುಂದೆ ಸಾಗುತ್ತದೆ. ಅನೇಕರು ಆ ಸಾಲನ್ನು ಓದದೆ ಬಿಡುತ್ತಾರೆ.

ಮೂರನೆಯದು ಇಳಿಜಾರು. ನಿಮ್ಮ ಮೋರಿ ಈಗ 885.75ರಿಂದ 886.25ಕ್ಕೆ ಏರುತ್ತಿದೆ. ಕೈನೆಮ್ಯಾಟಿಕ್ ವೇವ್ ಎಂಬ ಸರಳ ವಿಧಾನ ಆಗಿದ್ದರೆ ಲೆಕ್ಕವು ದೋಷ ತೋರಿಸಿ ಅಲ್ಲಿಯೇ ನಿಲ್ಲುತ್ತಿತ್ತು. ಡೈನಾಮಿಕ್ ವೇವ್ ಏರನ್ನೂ ಒಪ್ಪಿಕೊಳ್ಳುವುದರಿಂದ ನಿಮಗೆ ಯಾರೂ ಎಚ್ಚರಿಕೆ ಕೊಡಲಿಲ್ಲ.

ಕಂಟಿನ್ಯುಟಿ ದೋಷವನ್ನು ನಂಬಿ ಕೂರಬೇಡಿ ಎಂದು ಒತ್ತಿ ಹೇಳುತ್ತೇನೆ. ಅದು ಒಳಗೆ ಬಂದ ನೀರಿಗೂ ಹೊರಗೆ ಹೋದ ಮತ್ತು ಉಳಿದ ನೀರಿಗೂ ಇರುವ ಲೆಕ್ಕ. ಪಾಂಡಿಂಗ್ (ಉಕ್ಕಿದ ನೀರು ಅಲ್ಲಿಯೇ ನಿಂತು ಮರಳುವ) ಆಯ್ಕೆ ಇಲ್ಲದಿದ್ದಾಗ ಉಕ್ಕಿದ ನೀರು ಮಾದರಿಯಿಂದ ಶಾಶ್ವತವಾಗಿ ಹೊರಹೋಗುತ್ತದೆ, ಅದನ್ನು ನಷ್ಟವೆಂದು ಸರಿಯಾಗಿ ಬರೆದುಕೊಂಡಿರುವುದರಿಂದ ತಾಳೆ ತಪ್ಪುವುದಿಲ್ಲ. ಔಟ್‌ಫಾಲ್‌ನಲ್ಲಿ ಹರಿವು ಕಡಿಮೆಯಾದದ್ದಕ್ಕೂ ಕಾರಣ ಅದೇ. ರಸ್ತೆ ತಪ್ಪು ಮಟ್ಟದಲ್ಲಿದ್ದರೂ ನೀರಿನ ಲೆಕ್ಕ ಸರಿಹೋಗುತ್ತದೆ.

ಇನ್ನೊಂದು ಮಾತು: 14 ಜಂಕ್ಷನ್‌ಗಳಲ್ಲಿಯೂ ವ್ಯತ್ಯಾಸ 0.65 ಮೀಟರೇ ಇದೆಯೇ? ಎಲ್ಲೆಡೆ ಒಂದೇ ಆಗಿದ್ದರೆ ಎರಡು ಸರ್ವೆಗಳ ಬೆಂಚ್‌ಮಾರ್ಕ್ (ಮಟ್ಟ ಅಳೆಯುವ ಆಧಾರಬಿಂದು) ಬೇರೆ ಎಂಬ ಅನುಮಾನ ಬರುತ್ತದೆ, ಆಗ ನಾನು ಮೇಲೆ ಹೇಳಿದ್ದೆಲ್ಲ ಬದಲಾಗುತ್ತದೆ.

ಮರುಪ್ರಶ್ನೆ: ಮಳೆಲೆಕ್ಕ

ಬಹಳ ಉಪಕಾರವಾಯಿತು. ಆಫ್‌ಸೆಟ್ ಡೆಪ್ತ್ ಎಂದೇ ಇದೆ, ಎಲ್ಲ ಬೆಲೆಗಳೂ ಸೊನ್ನೆ. ವ್ಯತ್ಯಾಸ ಒಂದೇ ಸಮನಾಗಿಲ್ಲ, ಮೇಲ್ಭಾಗದಲ್ಲಿ 0.20 ಮೀಟರ್ ಇದ್ದು, ಮೋರಿಯ ಹತ್ತಿರ ಬರುತ್ತಾ 0.65ಕ್ಕೆ ಏರುತ್ತದೆ. ರಸ್ತೆಯ ಮಟ್ಟ ಎರಡೂ ಸರ್ವೆಗಳಲ್ಲಿ ಒಂದೇ ಇದೆ. ಮೋರಿಯ ಛಾವಣಿಯ ಒಳಮೈಯನ್ನೂ ಹೊಸ ಸರ್ವೆಯಲ್ಲಿ ಅಳೆದಿದ್ದಾರೆ: ಮೇಲಿನ ಬಾಯಿಯಲ್ಲಿ 887.75, ಕೆಳಗಿನ ಬಾಯಿಯಲ್ಲಿ 887.60. ಮೋರಿಯೊಳಗೂ ಅದರಾಚೆಗೂ ಹೂಳೆತ್ತುವ ಕೆಲಸ ಇನ್ನೂ ಆಗಿಲ್ಲ.

ಉತ್ತರ: ಕಲ್ಲುಕಾಲುವೆ

ಈ ಎರಡು ಛಾವಣಿ ಮಟ್ಟಗಳಲ್ಲಿಯೇ ಉತ್ತರವಿದೆ. ಮೋರಿಯ ಒಳ ಎತ್ತರ 2 ಮೀಟರ್ ಎಂದರೆ ಅದರ ನಿಜವಾದ ತಳ ಮೇಲಿನ ಬಾಯಿಯಲ್ಲಿ 885.75, ಕೆಳಗಿನ ಬಾಯಿಯಲ್ಲಿ 885.60. ಮೊದಲನೆಯದು ನಿಮ್ಮ ಹೊಸ ಸರ್ವೆಗೆ ಸರಿಯಾಗಿ ಹೊಂದುತ್ತದೆ. ಹಾಗಾದರೆ ಜೆ-28ರ 886.25 ಎಂಬುದು ಕಾಂಕ್ರೀಟಿನ ತಳವಲ್ಲ, ಅದು ಹೂಳಿನ ಮೇಲ್ಮೈ. ಹಳೆಯ ಸರ್ವೆಯವರು ಸ್ಟಾಫನ್ನು (ಅಳತೆಯ ಕೋಲನ್ನು) ಹೂಳಿನ ಮೇಲೆ ಹಿಡಿದು ಓದಿದ್ದಾರೆ, ಅಲ್ಲಿ 0.65 ಮೀಟರ್ ಹೂಳಿದೆ.

ಇದರಿಂದ ಇನ್ನೂ ಗಂಭೀರವಾದ ಒಂದು ವಿಷಯ ಹೊರಬರುತ್ತದೆ. ಹಳೆಯ ಮಾದರಿ 886.40ರ ಹೂಳಿನ ಮೇಲೆ ಪೂರ್ತಿ 2 ಮೀಟರ್ ಎತ್ತರದ ಮೋರಿಯನ್ನು ಕೂರಿಸಿತ್ತು, ಅಂದರೆ ಅದರ ಛಾವಣಿ 888.40ರಲ್ಲಿತ್ತು. ನಿಜವಾದ ಛಾವಣಿ 887.75. ಹೂಳು ತುಂಬಿದ ಸ್ಥಿತಿಯಲ್ಲಿ ನೀರಿಗೆ ಉಳಿದಿದ್ದ ಎತ್ತರ 1.35 ಮೀಟರ್ ಮಾತ್ರ. ಜೆ-27 ಹಿಂದೆ ಎಂದೂ ಉಕ್ಕಲಿಲ್ಲ ಎಂದು ನೀವು ಬರೆದಿದ್ದೀರಿ. ಅದು ಮಾದರಿಯಲ್ಲಿ ಉಕ್ಕಲಿಲ್ಲ, ಆ ರಸ್ತೆಯಲ್ಲಿ ಉಕ್ಕಿತ್ತೋ ಇಲ್ಲವೋ ಎಂಬುದನ್ನು ಅಲ್ಲಿನ ಅಂಗಡಿಯವರನ್ನು ಕೇಳಿ ತಿಳಿಯುವುದು ಒಳ್ಳೆಯದು.

ನಾನು ಹೀಗೆ ಮಾಡುತ್ತೇನೆ. ಜಂಕ್ಷನ್‌ಗಳ ಇನ್ವರ್ಟಿಗೆ ಯಾವಾಗಲೂ ಕಟ್ಟಡದ ನಿಜವಾದ ತಳವನ್ನೇ ಕೊಡುತ್ತೇನೆ. ಹೂಳನ್ನು ಲಿಂಕಿನಲ್ಲಿ ತೋರಿಸುತ್ತೇನೆ: ಎರಡೂ ತುದಿಯ ಆಫ್‌ಸೆಟ್ 0.65, ಮೋರಿಯ ಎತ್ತರ 1.35. ದುಂಡು ಪೈಪಿಗೆ ಹೂಳು ತುಂಬಿದ ಆಕಾರವೊಂದನ್ನು ಸ್ವಿಮ್ ಕೊಟ್ಟಿದೆ, ಬಾಕ್ಸ್ ಮೋರಿಗೆ ಹಾಗಿಲ್ಲ. ಹಾಗಾಗಿ ಈ ದಾರಿ. ಹೂಳೆತ್ತಿದ ಸ್ಥಿತಿಗೆ ಆಫ್‌ಸೆಟ್ ಸೊನ್ನೆ, ಎತ್ತರ 2 ಎಂದು ಇನ್ನೊಂದು ಫೈಲ್ ಇರಲಿ. ಮೋರಿಯ ಕೆಳಗಿನ ಕಾಲುವೆಯಲ್ಲಿಯೂ ಹೂಳಿನಡಿಯ ತಳವನ್ನು ಪತ್ತೆ ಮಾಡದೆ ಮುಂದುವರಿಯಬೇಡಿ. ಮೇಲ್ಮೈಯ ಒರಟುತನವನ್ನು ಸೂಚಿಸುವ ಮ್ಯಾನಿಂಗ್ ಗುಣಾಂಕವನ್ನೂ ಒಮ್ಮೆ ನೋಡಿ. ಕಾಂಕ್ರೀಟ್ ಮೋರಿಗೆ 0.013ರಿಂದ 0.015 ಸಾಕು, ಹಿಂದಿನವರು ಹೂಳಿನ ನೆಪದಲ್ಲಿ ಅಲ್ಲಿ 0.030 ಬರೆದಿದ್ದರೆ, ಹೂಳೆತ್ತಿದ ಫೈಲಿನಲ್ಲಿ ಅದು ಉಳಿಯಬಾರದು.

ಉತ್ತರ: ನಕ್ಷೆಗಾರ

ತಿದ್ದುವ ರೀತಿಯ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಟೆಕ್ಸ್ಟ್ ಫೈಲಿನಲ್ಲಿ ತಿದ್ದುವುದು ತಪ್ಪಲ್ಲ, ಹಳೆಯ ಮತ್ತು ಹೊಸ ಫೈಲುಗಳನ್ನು ಸಾಲು ಸಾಲಾಗಿ ಹೋಲಿಸಬಹುದಾದ ಅನುಕೂಲ ಅದರಲ್ಲಿದೆ. ಜಂಕ್ಷನ್ ಸಾಲಿನ ನೇರ ಮೇಲೆ ಒಂದು ಅರ್ಧವಿರಾಮ ಚಿಹ್ನೆಯಿಂದ (;) ಆರಂಭವಾಗುವ ಟಿಪ್ಪಣಿ ಬರೆದರೆ ಅದು ಆ ಜಂಕ್ಷನ್ನಿನ ವಿವರಣೆಯಾಗಿ ಉಳಿಯುತ್ತದೆ. ಹೂಳಿನ ಮೇಲ್ಮೈಯೋ ಕಾಂಕ್ರೀಟ್ ತಳವೋ ಎಂಬುದನ್ನು ಅಲ್ಲಿಯೇ ಬರೆದಿಡಿ. ಹಿಂದಿನವರು ಈ ಒಂದು ಪದ ಬರೆದಿದ್ದರೆ ನಿಮಗೆ ಈ ಪಾಡು ಬರುತ್ತಿರಲಿಲ್ಲ.

ನಕ್ಷೆಯ ಕಿಟಕಿಯಲ್ಲಿ ತಿದ್ದುವುದಾದರೆ ಆಟೋ-ಲೆಂತ್ ಆಫ್ ಇರಲಿ. ಅದು ಆನ್ ಇದ್ದಾಗ ಜಂಕ್ಷನ್ನನ್ನು ಚೂರು ಎಳೆದರೂ ಅದಕ್ಕೆ ಸೇರಿದ ಕಾಲುವೆಗಳ ಉದ್ದ ಬದಲಾಗುತ್ತದೆ. ಜಂಕ್ಷನ್ನನ್ನು ಅಳಿಸಿದರೆ ಅದಕ್ಕೆ ಸೇರಿದ ಲಿಂಕುಗಳೂ ಅಳಿಯುತ್ತವೆ. ಪ್ರತಿ ತಿದ್ದುಪಡಿಯ ಬಳಿಕ ಲೆಕ್ಕ ಓಡಿಸುವ ಮುಂಚೆಯೇ ಮೇಲಿನಿಂದ ಔಟ್‌ಫಾಲ್‌ವರೆಗಿನ ಪ್ರೊಫೈಲ್ (ಉದ್ದಕ್ಕೂ ಸೀಳಿದ ನೋಟ) ತೆಗೆದು ನೋಡಿ. ನಿಮ್ಮ ಮೋರಿಯ ಏರು ಅಲ್ಲಿ ಕಣ್ಣಿಗೆ ಹೊಡೆಯುತ್ತಿತ್ತು.

ಮಳೆಲೆಕ್ಕ

ಎಲ್ಲರಿಗೂ ಧನ್ಯವಾದಗಳು. ಡೆಪ್ತ್ ಸರಿಪಡಿಸಿ ಎರಡು ಫೈಲ್ ಮಾಡಿದೆ. ಹೂಳೆತ್ತಿದ ಸ್ಥಿತಿಯಲ್ಲಿ ಜೆ-27 ಉಕ್ಕುವುದಿಲ್ಲ, ಮೋರಿಯಲ್ಲಿ 0.65 ಮೀಟರ್ ಹೂಳು ಇದ್ದಾಗ ಅದೇ ಮಳೆಗೆ ಉಕ್ಕುತ್ತದೆ. ಮೋರಿಯ ಕೆಳಗಿನ ಐದು ಜಂಕ್ಷನ್‌ಗಳಲ್ಲಿ ಹೂಳಿಗೆ ಕಬ್ಬಿಣದ ಸರಳು ಇಳಿಸಿ ಗಟ್ಟಿ ತಳವನ್ನು ಅಳೆಯುವಂತೆ ಸರ್ವೆಯವರನ್ನು ಕೇಳಿಕೊಂಡಿದ್ದೇನೆ. ಮೋರಿಯ ಪಕ್ಕದ ಬೇಕರಿಯವರನ್ನೂ ವಿಚಾರಿಸಿದೆ. ಎರಡು ಮಳೆಗಾಲಗಳಲ್ಲಿ ನೀರು ತಮ್ಮ ಹೊಸ್ತಿಲು ದಾಟಿ ಒಳಗೆ ಬಂದಿತ್ತು ಎಂದು ಅವರು ಗೋಡೆಯ ಮೇಲಿನ ಗುರುತು ತೋರಿಸಿದರು. ಆ ಗುರುತಿನ ಮಟ್ಟವನ್ನೂ ತೆಗೆಸುತ್ತಿದ್ದೇನೆ, ಹೂಳು ತುಂಬಿದ ಫೈಲನ್ನು ಅದಕ್ಕೆ ಹೋಲಿಸಿ ನೋಡುತ್ತೇನೆ.